ಟಪಾಲಿಗೆ ಬಿದ್ದ ಮೂರನೇ ಭಾಗ

ಮನುಷ್ಯನಿಗೆ ಅಧ್ಯಕ್ಷನಾಗುವ ಯೋಗ ಯಾವ ದಾರಿಯಲ್ಲಿ ಬರುತ್ತದೆಂದು ಹೇಳಲಾಗದು. ನಮ್ಮ ಅಧ್ಯಕ್ಷರಿಗೆ ಅದು ಬಚ್ಚಲುಮನೆಯ ಬಾಗಿಲಲ್ಲಿ, ಗಡ್ಡ ಹೆರೆಯಲು ಮುಖದ ತುಂಬ ಸೋಪು ಬಳಿದುಕೊಂಡು ನಿಂತಿದ್ದಾಗ ಬಂತು. ಒಳಗೆ ಹೆಂಡತಿ ತನ್ನ ತಂದೆಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆಯಿಂದ ಏನೋ ಪ್ರಶ್ನೆ ಬಂತು. ಹೆಂಡತಿ ನಿಟ್ಟುಸಿರು ಬಿಟ್ಟು, "ಇಲ್ಲಪ್ಪ, ಇವರು ಇನ್ನೂ ಹಾಗೇ ಇದ್ದಾರೆ" ಎಂದಳು.

"ಹಾಗೇ" ಎಂದರೆ ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹದಿನೆಂಟು ವರ್ಷದ ಹಿಂದೆ ಮದುವೆಯ ಮಾತುಕತೆಗೆ ಹೋದಾಗ ಮಾವನವರು, ಆಗ ಹೈಸ್ಕೂಲಿನ ಹೆಡ್ ಮಾಸ್ಟರು, "ಏನೇನು ಓದ್ತೀರಿ?" ಎಂದು ಕೇಳಿದ್ದರು. ಇವರು ನೀರು ಸರಬರಾಜು ಕಚೇರಿಯಲ್ಲಿ ಟಪಾಲು ಗುಮಾಸ್ತ. ಬಂದ ಕಾಗದಕ್ಕೆಲ್ಲ ಗುಂಡನೆಯ ಮೊಹರು ಒತ್ತಿ, ನಂಬರು ಹಾಕಿ, ಸಂಬಂಧಪಟ್ಟ ಮೇಜಿಗೆ ಕಳಿಸುವುದು ಕೆಲಸ. "ಬರೋ ಟಪಾಲೆಲ್ಲ ಓದ್ತೀನಿ ಸಾರ್" ಎಂದುಬಿಟ್ಟರು. ಅದೂ ಪೂರ್ತಿ ನಿಜವಲ್ಲ. ಮೊದಲ ಸಾಲು ಮಾತ್ರ ಓದುತ್ತಿದ್ದರು. ಹೆಡ್ ಮಾಸ್ಟರು ಮಗಳನ್ನೇನೋ ಕೊಟ್ಟರು, ಅಳಿಯನ ಜೊತೆಗಿನ ಮಾತನ್ನು ಮಾತ್ರ ಅಲ್ಲಿಗೇ ನಿಲ್ಲಿಸಿದರು. ಮನೆಗೆ ಬಂದರೆ "ಆರೋಗ್ಯವಾ?" ಎಂದು ಕೇಳಿ, "ಆರೋಗ್ಯ ಮಾವ" ಎಂಬ ಉತ್ತರ ಕೇಳುವಷ್ಟರಲ್ಲಿ ಪುಸ್ತಕ ಬಿಚ್ಚಿಕೊಂಡು ಅದರ ಹಿಂದೆ ಮರೆಯಾಗುತ್ತಿದ್ದರು. ಪುಸ್ತಕದ ರಟ್ಟು ನೋಡಿಕೊಂಡು ಕೂರುವುದು ಅಳಿಯನಿಗೆ ಬಹಳ ನೋವಿನ ವಿಷಯವಾಗಿತ್ತು.

ಅವತ್ತು ಆ ನೋವು ತಲೆಗೇರಿತು. ಸೋಪಿನ ಮುಖದಲ್ಲೇ ಒಳಗೆ ನುಗ್ಗಿ, ಫೋನಿಗೂ ಕೇಳುವಂತೆ, "ನಮ್ಮ ಬೀದಿಯಲ್ಲಿ ಪುಸ್ತಕ ಸಂಘ ಶುರು ಮಾಡ್ತಾ ಇದ್ದೀವಿ. ನಾನೇ ಅಧ್ಯಕ್ಷ!" ಎಂದು ಘೋಷಿಸಿದರು. ಅರ್ಧ ಸೋಪು ಬಾಯೊಳಗೆ ಹೋಯಿತು.

ಫೋನು ಇಟ್ಟ ಹೆಂಡತಿಯ ಮುಖ ಅರಳಿತ್ತು. "ಅಪ್ಪನಿಗೆ ಎಷ್ಟು ಖುಷಿಯಾಯ್ತು ಗೊತ್ತಾ? ತಮ್ಮ ಹತ್ತಿರ ಇರೋ ಹಳೇ ಕಾದಂಬರಿ ಒಂದನ್ನ ಕಳಿಸ್ತಾರಂತೆ. ಈಗ ಎಲ್ಲೂ ಸಿಗಲ್ಲವಂತೆ. ಬರೋ ತಿಂಗಳು ಮೊದಲನೇ ಭಾನುವಾರ ಸಭೆಗೂ ಬರ್ತಾರಂತೆ. ನಿಮ್ಮ ಜೊತೆ ಆ ಪುಸ್ತಕದ ಬಗ್ಗೆ ಮಾತಾಡಬೇಕಂತೆ ರೀ."

"ನನ್ನ ಜೊತೆ?"

"ಹೂಂ, ನಿಮ್ಮ ಜೊತೆನೇ."

ಸಂಘ ಕಟ್ಟುವುದು ಕಷ್ಟವಾಗಲಿಲ್ಲ. ಎದುರುಮನೆಯ ನಿವೃತ್ತ ನರ್ಸಮ್ಮ ಕರೆದ ಕೂಡಲೇ ಬಂದರು. ಅವರಿಗೆ ಮಾತಾಡಲು ಜನ ಬೇಕಿತ್ತು. ಮೂಲೆಯ ದರ್ಜಿ, ಕೂತು ಹೊಲಿದು ಸೊಂಟ ಹಿಡಿದಿದೆ, ಕೂತು ಓದಿದರೆ ಹೇಗಿರುತ್ತದೋ ನೋಡೋಣ ಎಂದ. ಹಿಂದಿನ ಬೀದಿಯ ಬೈಂಡರ್, ಜೀವಮಾನವಿಡೀ ಪುಸ್ತಕಗಳ ಬೆನ್ನನ್ನೇ ನೋಡಿದ್ದೇನೆ, ಒಂದು ಸಲ ಹೊಟ್ಟೆಯನ್ನೂ ನೋಡುತ್ತೇನೆ ಎಂದ. ಹೆಂಡತಿ ಸೇರಿ ಐದು ಜನ. ಕಷ್ಟವಾದದ್ದು ಪುಸ್ತಕ ಬಂದ ಮೇಲೆ. ಓದುವವರು ಐದು, ಪುಸ್ತಕ ಒಂದು, ಉಳಿದಿರುವುದು ಎರಡೇ ವಾರ.

"ಒಬ್ಬೊಬ್ಬರು ಓದಿ ಕೊಡೋ ಹೊತ್ತಿಗೆ ನಿಮ್ಮ ಮಾವನವರು ಬಂದು ಹೋಗಿರ್ತಾರೆ" ಎಂದು ಬೈಂಡರ್ ಲೆಕ್ಕ ಹಾಕಿದ. "ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ? ಹೊಲಿಗೆ ಬಿಚ್ಚಿ ಐದು ಭಾಗ ಮಾಡ್ತೀನಿ. ಒಂದೊಂದು ಭಾಗ ಒಬ್ಬೊಬ್ಬರಿಗೆ. ಓದಿ ಬದಲಾಯಿಸ್ಕೊಳ್ಳಿ. ಕೊನೆಗೆ ಮತ್ತೆ ಹೊಲಿದುಕೊಟ್ರೆ, ಕಳಿಸಿದವರಿಗಿರಲಿ, ಬರೆದವರಿಗೂ ಗೊತ್ತಾಗಲ್ಲ."

ಅಧ್ಯಕ್ಷರು ಮೊದಲನೇ ಹಾಳೆ ತೋರಿಸಿದರು. ಅಲ್ಲಿ ಕೆಂಪು ಶಾಯಿಯಲ್ಲಿ ಮಾವನವರ ಅಪ್ಪಣೆಗಳಿದ್ದವು: ಹಾಳೆ ಮಡಿಸಬಾರದು. ಗೆರೆ ಎಳೆಯಬಾರದು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಬಾರದು.

ಬೈಂಡರ್ ಎರಡು ಸಲ ಓದಿದ. "ಬಿಚ್ಚಬಾರದು ಅಂತ ಎಲ್ಲಿದೆ?"

ಕಾನೂನಿನ ಪ್ರಕಾರ ಅವನ ಮಾತು ಸರಿಯಿತ್ತು. ಭಾನುವಾರ ಸಂಜೆ ಇನ್ನೂರ ನಲವತ್ತು ಪುಟದ ಕಾದಂಬರಿ ನಲವತ್ತೆಂಟು ಪುಟದ ಐದು ಕಟ್ಟುಗಳಾಯಿತು. ಮೂರನೇ ಭಾಗ ಅಧ್ಯಕ್ಷರ ಪಾಲಿಗೆ ಬಂತು.

ಸೋಮವಾರ ಅವರು ಅದನ್ನು ಕಚೇರಿಗೆ ತಂದರು. ಟಪಾಲು ಬರುವ ಮುಂಚೆ ಹತ್ತು ಪುಟವನ್ನಾದರೂ ಮುಗಿಸುವ ಸಂಕಲ್ಪ. ಕನ್ನಡಕ ಒರೆಸಿ ಮೊದಲ ಸಾಲು ಓದಿದರು. ಭಾಗದ ಹಿಂದೆ ರಟ್ಟಿಲ್ಲ, ಮುಂದೆ ಹೆಸರಿಲ್ಲ, ಸಾಲು ನೇರವಾಗಿ ಹೀಗೆ ಶುರುವಾಗಿತ್ತು: "ನಮ್ಮ ಬಾವಿಗೆ ಭಾವನವರು ಬೀಗ ಹಾಕಿ ಇವತ್ತಿಗೆ ಮೂರು ದಿನ, ಕೇಳುವವರೇ ಇಲ್ಲ." ಅಷ್ಟರಲ್ಲಿ ಸೂಪರಿಂಟೆಂಡೆಂಟರ ಚಪ್ಪಲಿಯ ಸದ್ದು ಕೇಳಿತು. ಕಟ್ಟನ್ನು ಪಕ್ಕದ ಕಾಗದದ ರಾಶಿಗೆ ತುರುಕಿ, ಮೊಹರು ಕೈಗೆತ್ತಿಕೊಂಡು, ಕೆಲಸದಲ್ಲಿ ಮುಳುಗಿದವರಂತೆ ಒತ್ತತೊಡಗಿದರು. ಒತ್ತುವ ಕೈಗೆ ಇಪ್ಪತ್ತೆರಡು ವರ್ಷದ ಅಭ್ಯಾಸ. ಅದು ತಲೆಯನ್ನು ಕೇಳಿ ಕೆಲಸ ಮಾಡುವ ಕೈಯಲ್ಲ.

ಸಂಜೆ ಚೀಲ ತಡಕಿದರೆ ಮೂರನೇ ಭಾಗವಿಲ್ಲ. ಮೇಜಿನ ಕೆಳಗಿಲ್ಲ, ಡ್ರಾಯರಿನಲ್ಲಿಲ್ಲ, ಊಟದ ಡಬ್ಬಿಯಲ್ಲೂ ಇಲ್ಲ. ಮಂಗಳವಾರ ಬೆಳಿಗ್ಗೆ ಟಪಾಲು ಪುಸ್ತಕ ತೆರೆದರು. ಅಲ್ಲಿ ತಮ್ಮದೇ ಮುದ್ದಾದ ಅಕ್ಷರದಲ್ಲಿತ್ತು: "ನಂ. ೪೧೭. ಬಾವಿಗೆ ಬೀಗ ಹಾಕಿದ ಬಗ್ಗೆ ದೂರು. ಅರ್ಜಿದಾರರ ಹೆಸರು: ತಿಳಿಸಿಲ್ಲ. ಪುಟ: ೪೮. ದೂರು ಶಾಖೆಗೆ."

ದೂರು ಶಾಖೆಯಲ್ಲಿ ಕೂರುವ ಮೇಡಮ್ಮು ಕಚೇರಿಯಲ್ಲೇ ಚುರುಕು. ಅಧ್ಯಕ್ಷರು ಹೋಗುವ ಹೊತ್ತಿಗೆ ನಲವತ್ತೆಂಟು ಪುಟಕ್ಕೂ ತೂತು ಹೊಡೆದು, ದಾರ ಪೋಣಿಸಿ, ಕಡತ ಕಟ್ಟಿಯಾಗಿತ್ತು.

"ಮೇಡಂ, ಅದು ಅರ್ಜಿಯಲ್ಲ. ಕಾದಂಬರಿ. ನಮ್ಮ ಮಾವನವರದ್ದು" ಎಂದರು ಅಧ್ಯಕ್ಷರು, ತೂತುಗಳನ್ನು ನೋಡಲಾಗದೆ.

"ಅಷ್ಟೂ ಗೊತ್ತಾಗಲ್ವಾ ನಮಗೆ? ಒಂದನೇ ಪುಟಕ್ಕೇ ಗೊತ್ತಾಯ್ತು."

"ಮತ್ತೆ ಕಡತ ಯಾಕೆ ಮಾಡಿದ್ರಿ?"

"ನೀವು ನಂಬರ್ ಯಾಕೆ ಹಾಕಿದ್ರಿ? ನಂಬರ್ ಬಿದ್ದ ಕಾಗದಕ್ಕೆ ಇತ್ಯರ್ಥ ಆಗಲೇಬೇಕು. ಹಾಗೇ ವಾಪಸ್ ಕೊಟ್ರೆ ನಾನ್ನೂರ ಹದಿನಾರು ಆದ್ಮೇಲೆ ನಾನ್ನೂರ ಹದಿನೆಂಟು ಬರುತ್ತೆ. ತಪಾಸಣೆಗೆ ಬಂದವರು ಕೇಳಿದ್ರೆ ನಿಮ್ಮ ಮಾವ ಬಂದು ಉತ್ತರ ಹೇಳ್ತಾರಾ?"

ಇದೇ ಮಾತನ್ನು ಅಧ್ಯಕ್ಷರೇ ಇಪ್ಪತ್ತೆರಡು ವರ್ಷದಿಂದ ಬೇರೆಯವರಿಗೆ ಹೇಳಿಕೊಂಡು ಬಂದಿದ್ದರು. ಸಾರ್ವಜನಿಕರು ಯಾಕೆ ಅಳುತ್ತಾ ಹೋಗುತ್ತಿದ್ದರೆಂದು ಈಗ ಅರ್ಥವಾಯಿತು.

"ಯಾವಾಗ ಇತ್ಯರ್ಥ ಆಗುತ್ತೆ ಮೇಡಂ?"

"ಮೊದಲು ಓದಿ ಮುಗಿಸ್ಬೇಕಲ್ಲ" ಎಂದು ಮೇಡಮ್ಮು ಕಡತದೊಳಗೆ ಮುಖ ಇಳಿಸಿದರು. "ಆ ಭಾವ ಇದಾನಲ್ಲ, ಥೂ! ಅವನ ಕೈಗೆ ಲಕ್ವ ಹೊಡೀಲಿ."

ಬುಧವಾರ ಸಂಜೆ ಸಂಘದ ಮೊದಲ ಸಭೆ. ಎಲ್ಲರೂ ತಮ್ಮ ತಮ್ಮ ಭಾಗ ಓದಿ ಹುರುಪಿನಲ್ಲಿದ್ದರು. ಐದನೇ ಭಾಗ ಓದಿದ ದರ್ಜಿ ಮೊದಲು ಬಾಯಿಬಿಟ್ಟ. "ಎಲ್ಲ ಸರಿ, ಆದ್ರೆ ಆ ಮುದುಕಿ ಬಾಯಿ ಬಹಳ ಜೋರು."

"ಯಾವ ಮುದುಕಿ?" ಎಂದರು ಒಂದನೇ ಭಾಗದ ನರ್ಸಮ್ಮ. "ಅವಳಿಗಿನ್ನೂ ಆರು ವರ್ಷ. ಮೈ ಸುಡೋ ಜ್ವರ. ಯಾರೂ ಒದ್ದೆ ಬಟ್ಟೆ ಹಾಕ್ತಾ ಇಲ್ಲ, ನನಗೆ ಕೈ ಕಾಲೇ ಆಡಲಿಲ್ಲ."

"ಆರು ವರ್ಷಕ್ಕೆ ಮೊಮ್ಮಕ್ಕಳಾ ನರ್ಸಮ್ಮ?"

"ನಿನ್ನೆ ತಾನೇ ಮದುವೆ ಆಯ್ತಲ್ರೀ!" ಎಂದ ಎರಡನೇ ಭಾಗದ ಬೈಂಡರ್.

ಗಲಾಟೆ ಏರಿತು. ನಾಲ್ಕನೇ ಭಾಗ ಓದಿದ ಹೆಂಡತಿ ಮಾತ್ರ ಗಂಭೀರವಾಗಿ, "ಅವಳು ಊರು ಬಿಟ್ಟು ಬಂದು ಹಿಟ್ಟಿನ ಗಿರಣಿ ಇಟ್ಟಿದ್ದಾಳೆ. ಗಂಡನ ಮಾತೇ ಎತ್ತಲ್ಲ. ಅಂದ್ರೆ ನಡುವೆ ಏನೋ ದೊಡ್ಡದು ಆಗಿದೆ. ಅದು ಇವರ ಭಾಗದಲ್ಲೇ ಇರ್ಬೇಕು" ಎಂದಳು. ನಾಲ್ವರೂ ಅಧ್ಯಕ್ಷರ ಕಡೆ ತಿರುಗಿದರು.

ಅಧ್ಯಕ್ಷರು ಗೋಡೆಯ ಮೂಲೆ ನೋಡಿದರು. "ಅದು ಹೇಳೋ ವಿಷಯ ಅಲ್ಲ. ಓದೇ ತಿಳೀಬೇಕು."

"ಹಾಗಾದ್ರೆ ಕೊಡಿ, ಓದ್ತೀವಿ."

"ನಾನಿನ್ನೂ ಅದರಿಂದ ಹೊರಗೆ ಬಂದಿಲ್ಲ" ಎಂದರು ಅಧ್ಯಕ್ಷರು. ಹೆಂಡತಿ ಅವರನ್ನು ನೋಡಿದ ನೋಟದಲ್ಲಿ ಹೊಸದೊಂದು ಗೌರವವಿತ್ತು.

ಇತ್ತ ಕಚೇರಿಯಲ್ಲಿ ದೂರು ಇದ್ದ ಮೇಲೆ ಸ್ಥಳ ತನಿಖೆ ಆಗಬೇಕು. ಕಡತದ ಮೇಲೆ "ತನಿಖೆ ಮಾಡಿ ವರದಿ ಮಾಡುವುದು" ಎಂಬ ಚೀಟಿ ಅಂಟಿಸಿ ಪೈಪು ಮೇಸ್ತ್ರಿಯ ಕೈಗೆ ಕೊಟ್ಟರು. ಇಡೀ ಕಚೇರಿಯಲ್ಲಿ ಅದು ಕಾದಂಬರಿಯೆಂದು ಗೊತ್ತಿಲ್ಲದವನು ಅವನೊಬ್ಬನೇ. ಭಾರೀ ನಿಯತ್ತಿನ ಮನುಷ್ಯ. ಎರಡು ದಿನ ಸೈಕಲ್ಲಿನಲ್ಲಿ ಬೀದಿ ಬೀದಿ ಸುತ್ತಿ, ಕಡೆಗೂ ಬೀಗ ಹಾಕಿದ ಬಾವಿಯೊಂದನ್ನು ಪತ್ತೆ ಹಚ್ಚಿದ. ಅದು ನಮ್ಮ ಬೈಂಡರನ ಹಿತ್ತಲ ಬಾವಿ. ಬೀದಿ ಮಕ್ಕಳ ಚೆಂಡು ಎತ್ತಿ ಎತ್ತಿ ಸಾಕಾಗಿ ಅವನು ಜಾಲರಿ ಮುಚ್ಚಿ ಬೀಗ ಜಡಿದಿದ್ದ.

ಮೇಸ್ತ್ರಿ ಮೊದಲು ಬೀಗ ಒಡೆದ, ಆಮೇಲೆ ಬಾಗಿಲು ತಟ್ಟಿದ. "ನಿಮ್ಮ ತಮ್ಮನ ಹೆಂಡ್ತಿ ಎಲ್ಲಿ?"

"ನನಗೆ ತಮ್ಮನೇ ಇಲ್ಲವಲ್ಲಪ್ಪ" ಎಂದ ಬೈಂಡರ್, ಕೈಯಲ್ಲಿ ಅಂಟಿನ ಕುಂಚ ಹಿಡಿದುಕೊಂಡು.

"ಓಹೋ! ತಮ್ಮನನ್ನೂ ಏನೋ ಮಾಡಿಬಿಟ್ರಾ?"

ಹತ್ತು ನಿಮಿಷದಲ್ಲಿ ಬೀದಿಯೆಲ್ಲ ಅಲ್ಲಿ ಸೇರಿತ್ತು. ನರ್ಸಮ್ಮ ಬೈಂಡರನನ್ನು ಮೇಲಿಂದ ಕೆಳಗೆ ನೋಡಿ, "ಮೂವತ್ತು ವರ್ಷದಿಂದ ನೋಡ್ತಾ ಇದ್ದೀನಿ, ತಮ್ಮ ಇದ್ದ ಅಂತ ಒಂದು ಮಾತು ಹೇಳಲಿಲ್ಲ ನೋಡಿ" ಎಂದರು. ಬೈಂಡರ್ ಉರಿದುಬಿದ್ದ. ಅಧ್ಯಕ್ಷರ ಮನೆಗೆ ಬಂದು, "ನಿಮ್ಮ ಕಚೇರಿಯವರ ಮೇಲೆ ದೂರು ಕೊಡ್ತೀನಿ. ಎಲ್ಲಿ ಕೊಡ್ಬೇಕು ಹೇಳಿ" ಎಂದ.

"ನನ್ನ ಹತ್ತಿರಾನೇ ಕೊಡ್ಬೇಕು" ಎಂದರು ಅಧ್ಯಕ್ಷರು ನೆಲ ನೋಡುತ್ತಾ.

ಅದಕ್ಕೆ ನಂಬರು ೪೩೧ ಬಿತ್ತು. ಸೂಪರಿಂಟೆಂಡೆಂಟರು ಎರಡನ್ನೂ ನೋಡಿ, ಇದೂ ಬಾವಿ ಬೀಗದ ವಿಷಯ, ಅದೂ ಬಾವಿ ಬೀಗದ ವಿಷಯ, ಒಂದೇ ಕಡತಕ್ಕೆ ಸೇರಿಸಿ ಎಂದು ಬರೆದರು. ಈಗ ಕಡತ ದಪ್ಪವಾಯಿತು. ದಪ್ಪ ಕಡತ ಇಂಜಿನಿಯರ್ ಸಾಹೇಬರ ಮೇಜಿಗೇ ಹೋಗುವುದು ವಾಡಿಕೆ.

ಸೋಮವಾರ ಸಾಹೇಬರು ಅಧ್ಯಕ್ಷರನ್ನು ಕರೆಸಿದರು. ಇವರು ಬೆವರುತ್ತಾ ಹೋಗಿ ನಿಂತರು. ಕೆಲಸ ಹೋದರೂ ಹೋಗಲಿ, ಭಾನುವಾರದೊಳಗೆ ಪುಸ್ತಕ ಸಿಕ್ಕರೆ ಸಾಕು ಎಂಬ ಸ್ಥಿತಿಗೆ ಬಂದಿದ್ದರು.

ಸಾಹೇಬರು ಬಾಗಿಲು ಹಾಕಿಸಿ, ದನಿ ತಗ್ಗಿಸಿದರು. "ಇಲ್ಲಿ ಕೊನೇ ಪುಟದಲ್ಲಿ ಆಕೆ ಬೀಗ ಒಡೆಯೋಕೆ ಕಲ್ಲು ಎತ್ತಿದ್ದಾಳೆ. 'ಅಷ್ಟರಲ್ಲಿ ಹಿಂದಿನಿಂದ ಯಾರೋ' ಅಂತ ನಿಂತುಬಿಟ್ಟಿದೆ. ಹಿಂದಿನಿಂದ ಯಾರ್ರೀ?"

"ಗೊತ್ತಿಲ್ಲ ಸಾರ್. ನಾಲ್ಕನೇ ಭಾಗ ನನ್ನ ಹೆಂಡ್ತಿ ಹತ್ತಿರ ಇದೆ."

"ಪೂರ್ತಿ ಮಾಹಿತಿ ಇಲ್ಲದೆ ನಾನು ಹೇಗ್ರೀ ಇತ್ಯರ್ಥ ಮಾಡ್ಲಿ?" ಎಂದು ಸಾಹೇಬರು ಹಸಿರು ಶಾಯಿಯಲ್ಲಿ ಬರೆದರು: "ಮುಂದಿನ ಪುಟಗಳನ್ನು ಕೂಡಲೇ ಸಲ್ಲಿಸತಕ್ಕದ್ದು."

ಮಂಗಳವಾರ ನಾಲ್ಕನೇ ಭಾಗ ಹೋಯಿತು. ಅದಕ್ಕೂ ಮೊಹರು ಬಿತ್ತು, ತೂತು ಬಿತ್ತು. ಬುಧವಾರ ಮೇಡಮ್ಮು, ಆ ಕಥೆಯ ಗಂಡ ಮೊದಲಿಂದಲೂ ಹೀಗೇನಾ ಎಂದು ನೋಡದೆ ಟಿಪ್ಪಣಿ ಬರೆಯಲಾಗದು ಎಂದರು. ಒಂದು, ಎರಡು ಹೋದವು. ಗುರುವಾರ ಸೂಪರಿಂಟೆಂಡೆಂಟರು ಐದನೆಯದನ್ನು ಕೇಳಿದರು. ಅಧ್ಯಕ್ಷರು ಬೀದಿಯವರಿಗೆ "ಬೈಂಡಿಂಗ್‌ಗೆ ಬೇಕು" ಎಂದು ಹೇಳಿ ಭಾಗಗಳನ್ನು ತಂದರು, ಬೈಂಡರನಿಗೆ "ನರ್ಸಮ್ಮನಿಗೆ ಓದೋಕೆ ಬೇಕು" ಎಂದರು. ಒಂದು ಭಾಗ ಬಿಡಿಸಿಕೊಳ್ಳಲು ಹೋಗಿ ಐದನ್ನೂ ಕೊಟ್ಟು ಕೂತಿದ್ದರು. ಶುಕ್ರವಾರ ಸಂಜೆ ಕೇಳಿದರೆ, ಸಾಹೇಬರು ಕಡತವನ್ನು ಮನೆಗೆ ಒಯ್ದಿದ್ದಾರೆಂಬ ಸುದ್ದಿ ಬಂತು.

ಭಾನುವಾರ ಬೆಳಿಗ್ಗೆ ಹೆಡ್ ಮಾಸ್ಟರು ಒಂದು ಚೀಲ ಹಿಡಿದು ಇಳಿದರು. "ಆರೋಗ್ಯವಾ?" ಎಂದರು. "ಆರೋಗ್ಯ ಮಾವ" ಎಂದರು ಅಳಿಯ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಮಾವನವರು ಅಲ್ಲಿಗೆ ನಿಲ್ಲಿಸಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ಸಂಜೆ ನಿಮ್ಮ ಜೊತೆ ಮಾತಾಡೋದು ಬಹಳ ಇದೆ. ದಾರಿಯುದ್ದಕ್ಕೂ ಅದನ್ನೇ ಯೋಚಿಸ್ತಾ ಬಂದೆ" ಎಂದರು. ಅಳಿಯನ ಕಣ್ಣು ತುಂಬಿ ಬಂತು. ಮಾವನವರು ಅದನ್ನು ಸಾಹಿತ್ಯಾಭಿರುಚಿ ಎಂದುಕೊಂಡರು.

ಸಂಜೆ ನಾಲ್ಕಕ್ಕೆ ಸಂಘ ಸೇರಿತು. "ಎಲ್ಲಿ, ಪುಸ್ತಕ ತನ್ನಿ" ಎಂದರು ಹೆಡ್ ಮಾಸ್ಟರು.

ನರ್ಸಮ್ಮ ಬೈಂಡರನನ್ನು ನೋಡಿದರು, ಬೈಂಡರ್ ನರ್ಸಮ್ಮನನ್ನು ನೋಡಿದ. ಇಬ್ಬರೂ ಸೇರಿ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ನೀರು ಕುಡಿಯುವ ನೆಪದಲ್ಲಿ ಎದ್ದು ಹಿತ್ತಲ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದರು. ಅಷ್ಟರಲ್ಲಿ ಮುಂಬಾಗಿಲು ತಟ್ಟಿದ ಸದ್ದಾಯಿತು.

ಬಾಗಿಲಲ್ಲಿ ಇಂಜಿನಿಯರ್ ಸಾಹೇಬರು. ಅವರ ಹಿಂದೆ ಸೂಪರಿಂಟೆಂಡೆಂಟರು, ಅವರ ಹಿಂದೆ ದೂರು ಶಾಖೆಯ ಮೇಡಮ್ಮು, ಎಲ್ಲರ ಹಿಂದೆ ಬೈಂಡರನ ಕಣ್ಣು ತಪ್ಪಿಸುತ್ತಾ ಪೈಪು ಮೇಸ್ತ್ರಿ, ಕೈಯಲ್ಲೊಂದು ಹೊಸ ಬೀಗ ಹಿಡಿದುಕೊಂಡು. ಸಾಹೇಬರ ಕಂಕುಳಲ್ಲಿ ಕಡತವಿತ್ತು. "ಇಲ್ಲೇ ಅಲ್ವಾ ಸಭೆ? ನಾಳೆ ಕಚೇರಿ ತೆರೆಯೋವರೆಗೂ ಕಾಯೋಕೆ ನಮ್ಮ ಕೈಲಾಗಲಿಲ್ಲ" ಎಂದು ಅದನ್ನು ಮೇಜಿನ ಮೇಲಿಟ್ಟರು.

ಹೆಡ್ ಮಾಸ್ಟರು ಕಡತ ಬಿಚ್ಚಿದರು. ತಮ್ಮ ಪುಸ್ತಕವನ್ನು ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಐದು ಗುಂಡನೆಯ ಮೊಹರು, ಪುಟಪುಟಕ್ಕೂ ತೂತು, ಅಂಚಿನಲ್ಲಿ ಹಸಿರು ಶಾಯಿಯಲ್ಲಿ "ಅನ್ಯಾಯ!", "ಇವನಿಗೆ ನೋಟಿಸ್ ಕೊಡಿ", ಒಂದು ಕಡೆ ಚಹಾ ಲೋಟದ ಗುರುತು. ಬೈಂಡರ್ ಮೆಲ್ಲಗೆ, "ತೂತು ನಂದಲ್ಲ" ಎಂದ.

ಹೆಡ್ ಮಾಸ್ಟರು ಟಿಪ್ಪಣಿ ಹಾಳೆಗೆ ಬಂದರು. ಗಟ್ಟಿಯಾಗಿ ಓದಿದರು. "ಅರ್ಜಿದಾರಳ ಭಾವ ಪರಮ ನೀಚ. ಆದೇಶಕ್ಕೆ ಸಲ್ಲಿಸಿದೆ." ಕೆಳಗೆ ಸೂಪರಿಂಟೆಂಡೆಂಟರದು: "ಒಪ್ಪಿದೆ. ಆದರೆ ಗಂಡ ಬಾಯಿ ಮುಚ್ಚಿ ಕೂತದ್ದು ಅದಕ್ಕಿಂತ ಹೆಚ್ಚಿನ ತಪ್ಪು ಎಂದು ನನ್ನ ಅಭಿಪ್ರಾಯ." ಅದರ ಕೆಳಗೆ ಹಸಿರು ಶಾಯಿಯಲ್ಲಿ ಸಾಹೇಬರ ಒಂದೇ ಪದ: "ಚರ್ಚಿಸಿ."

"ಗಂಡನ ತಪ್ಪಾ?" ಎಂದರು ಹೆಡ್ ಮಾಸ್ಟರು, ಕನ್ನಡಕ ತೆಗೆದು. "ಅವನು ಪಾಪ, ಅಣ್ಣನ ಅನ್ನ ತಿಂದವನಲ್ವಾ?"

"ಅನ್ನ ತಿಂದ್ರೆ ಬಾಯಿ ಮುಚ್ಕೋಬೇಕಾ?" ಎಂದರು ಸೂಪರಿಂಟೆಂಡೆಂಟರು. ಮೇಡಮ್ಮು ಮಧ್ಯೆ ಬಂದರು, ನರ್ಸಮ್ಮ ಎದ್ದು ನಿಂತರು, ದರ್ಜಿ ಮುದುಕಿಯ ಬಾಯಿ ಯಾಕೆ ಜೋರೆಂದು ತನಗೀಗ ಅರ್ಥವಾಯಿತೆಂದು ಕೂಗಿದ. ಮೇಸ್ತ್ರಿ, ತನಿಖೆ ಮಾಡಿದವನು ತಾನು, ತನ್ನನ್ನು ಯಾರೂ ಕೇಳುತ್ತಿಲ್ಲವೆಂದು ಬೇಸರಪಟ್ಟುಕೊಂಡ. ಎರಡು ಗಂಟೆ ಹೋದದ್ದು ತಿಳಿಯಲಿಲ್ಲ. ಹೆಡ್ ಮಾಸ್ಟರ ಮುಖ ಕೆಂಪಾಗಿತ್ತು. ತೂತುಗಳ ಮಾತು ಅವರ ಬಾಯಿಂದ ಬರಲೇ ಇಲ್ಲ. ಕೊನೆಗೆ ಅವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಹಿತ್ತಲ ಬಾಗಿಲ ಬಳಿ ನಿಂತಿದ್ದವರ ಕಡೆ ತಿರುಗಿದರು.

"ಅಳಿಯಂದಿರೇ, ಅಧ್ಯಕ್ಷರು ನೀವು. ನೀವು ಹೇಳಿ. ಆಕೆ ಬೀಗ ಒಡೆದದ್ದು ಸರಿಯಾ, ತಪ್ಪಾ?"

ಬೀದಿಯಲ್ಲೂ ಕಚೇರಿಯಲ್ಲೂ ಆ ಪುಸ್ತಕವನ್ನು ಓದದೇ ಉಳಿದಿದ್ದ ಏಕೈಕ ಪ್ರಾಣಿ ಹೆಂಡತಿಯ ಮುಖ ನೋಡಿತು. ಅವಳು ಹೆಮ್ಮೆಯಿಂದ ಕಾಯುತ್ತಿದ್ದಳು. "ಪರಿಶೀಲನೆಯಲ್ಲಿದೆ" ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಎರಡು ವಾರ ಸುಳ್ಳು ಹೇಳಿ ಹೇಳಿ ಅವರು ಸುಸ್ತಾಗಿದ್ದರು.

"ಮಾವ, ನಾನು ಓದಿಲ್ಲ" ಎಂದರು. "ಒಂದೇ ಸಾಲು ಓದಿದ್ದು. ಆಮೇಲೆ ಅದು ನನ್ನ ಕೈಗೇ ಸಿಗಲಿಲ್ಲ."

ಹೆಂಡತಿಯ ಮುಖ ಬಾಡಿತು. ಸಾಹೇಬರು ಚಾವಣಿ ನೋಡಿದರು. ಹೆಡ್ ಮಾಸ್ಟರು ಕಡತವನ್ನೆತ್ತಿ ಅಳಿಯನ ಕೈಗಿಟ್ಟರು. "ನಾಳೆ ಬೆಳಿಗ್ಗೆ ಹೊರಡೋಣ ಅಂತಿದ್ದೆ. ಈಗ ಹೊರಡಲ್ಲ. ನೀವು ಓದಿ ಮುಗಿಸಿ, ನನಗೆ ಉತ್ತರ ಹೇಳೋವರೆಗೂ ಇಲ್ಲೇ ಇರ್ತೀನಿ."

ಮೊದಲ ದಿನ ಅಧ್ಯಕ್ಷರು ಒಂದು ಗಂಟೆ ಕೂತು ಎರಡು ಪುಟ ಓದಿದರು. ಹೆಂಡತಿ ಅಡುಗೆಮನೆಯಲ್ಲಿ ಬೆರಳು ಮಡಿಸಿ ಲೆಕ್ಕ ಹಾಕಿ, "ಅಂದ್ರೆ ನಾಲ್ಕು ತಿಂಗಳು! ಅಪ್ಪ ತಂದಿರೋದು ಎರಡೇ ಅಂಗಿ" ಎಂದಳು. ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪರೀಕ್ಷೆಯ ಹಾಲಿನಲ್ಲಿ ಕೂತಂತೆ ಕೂತಿರುತ್ತಿದ್ದರು. ಮೂರನೇ ದಿನ ಅಳಿಯ ತಾನಾಗಿಯೇ, "ಮಾವ, ಈ ಜ್ವರ ಬಂದ ಮಗು ಬದುಕುತ್ತಾ?" ಎಂದು ಕೇಳಿದರು. "ಓದಿ" ಎಂದರು ಮಾವ. ಎರಡನೇ ವಾರ ಬಾವಿಗೆ ಬೀಗ ಬಿತ್ತು. ಅಳಿಯ ಕಡತ ಬದಿಗಿಟ್ಟು, ಇದಕ್ಕೆ ಒಂದು ಅರ್ಜಿ ಕೊಟ್ಟಿದ್ದರೆ ಹದಿನೈದು ದಿನದಲ್ಲಿ ತಾನೇ ಇತ್ಯರ್ಥ ಮಾಡಿಸುತ್ತಿದ್ದೆ ಎಂದು ರೇಗಾಡಿದರು. ಹೆಡ್ ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೆ ನಗಲು ಬರುತ್ತದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಓದುವ ಗಂಟೆಗಿಂತ ಜಗಳದ ಗಂಟೆಯೇ ಹೆಚ್ಚಾಯಿತು. ಅಳಿಯ ಕಚೇರಿಯಿಂದ ಬಂದು ಚಪ್ಪಲಿ ಬಿಡುವಾಗಲೇ, "ಮಾವ, ಆ ಗಂಡನ ವಿಷಯ ಯೋಚನೆ ಮಾಡಿದೆ" ಎಂದು ಶುರುಮಾಡುತ್ತಿದ್ದರು.

ನಾಲ್ಕನೇ ವಾರ ಇನ್ನೂರ ಮೂವತ್ತೊಂಬತ್ತನೇ ಪುಟ ಬಂತು. ಹೆಡ್ ಮಾಸ್ಟರು ಚೀಲಕ್ಕೆ ಬಟ್ಟೆ ತುಂಬಿಕೊಂಡರು. ಮರುದಿನ ಸಂಜೆ, "ಮುಗೀತಾ?" ಎಂದು ಕೇಳಿದರು.

"ಇಲ್ಲ ಮಾವ. ಒಂದು ಪುಟ ಉಳಿದಿದೆ."

ಅದರ ಮರುದಿನವೂ ಒಂದು ಪುಟ ಉಳಿದಿತ್ತು. ಅದರ ಮರುದಿನ ಹೆಂಡತಿಗೆ ತಡೆಯಲಾಗಲಿಲ್ಲ. "ಅಲ್ಲ ರೀ, ಒಂದು ಪುಟಕ್ಕೆ ಎಷ್ಟು ದಿನ?"

"ಅರ್ಧದಲ್ಲಿದ್ದೀನಿ" ಎಂದರು ಅಧ್ಯಕ್ಷರು, ಕಡತದಿಂದ ತಲೆಯೆತ್ತದೆ. ಅವರ ಕಿವಿ ಕೆಂಪಾಗಿತ್ತು.

ಹೆಡ್ ಮಾಸ್ಟರು ಅಳಿಯನನ್ನು ನೋಡಿದರು. ಆಮೇಲೆ "ಓದಿ, ಓದಿ, ಅವಸರ ಏನಿಲ್ಲ" ಎಂದು ಎದ್ದುಹೋಗಿ, ಚೀಲದಿಂದ ಎರಡೂ ಅಂಗಿಗಳನ್ನು ತೆಗೆದು ಗೂಟಕ್ಕೆ ತಗುಲಿಹಾಕಿ ಬಂದು ಪಕ್ಕದಲ್ಲಿ ಕೂತರು.